ಜಾರ್ಜ್ ಬೂಲ್: ‘ಅಥವಾ’ ಎಂಬ ಪದವನ್ನು ಲೆಕ್ಕಕ್ಕೆ ತಂದ ಮೇಷ್ಟ್ರು

ಗಣಕ ವಿಜ್ಞಾನದ ಪುಸ್ತಕಗಳಲ್ಲಿ ಜಾರ್ಜ್ ಬೂಲರ ಹೆಸರು ವಿಶೇಷಣವಾಗಿ ಮಾತ್ರ ಬರುತ್ತದೆ. ಬೂಲಿಯನ್ ಬೀಜಗಣಿತ, ಬೂಲಿಯನ್ ಮೌಲ್ಯ, ಬೂಲಿಯನ್ ಪದೋಕ್ತಿ ಎಂದು ಮಕ್ಕಳು ಓದುತ್ತಾರೆ, ಬರೆಯುತ್ತಾರೆ, ಅಂಕ ಪಡೆಯುತ್ತಾರೆ. ಆ ಹೆಸರಿನ ಹಿಂದೆ ಹದಿನಾರನೆಯ ವಯಸ್ಸಿಗೇ ತರಗತಿಯ ಮುಂದೆ ನಿಂತ ಒಬ್ಬ ಮೇಷ್ಟ್ರು ಇದ್ದಾರೆ ಎಂಬುದು ಅವರಿಗೆ ಗೊತ್ತಾಗುವುದಿಲ್ಲ. ಹೆಸರಘಟ್ಟದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸಕ್ಕೆ ನಿಯೋಜಿತಳಾದಾಗ ನಾನು ಒಂಬತ್ತನೇ ತರಗತಿಗೆ ಎರಡು ಅವಧಿಗಳಲ್ಲಿ ಬೂಲರ ಜೀವನವನ್ನು ಹೇಳಿ, ಅದರ ಮೂಲಕವೇ ಪ್ರೋಗ್ರಾಮಿಂಗ್ ಭಾಷೆಗಳ ಒಂದು ಸಣ್ಣ ವಿಷಯವನ್ನು ಕಲಿಸಲು ಯೋಜಿಸಿದೆ. ತಾರ್ಕಿಕ ಪದೋಕ್ತಿಯ ಒಳಗೆ, ಅಂದರೆ ‘ಮತ್ತು’, ‘ಅಥವಾ’ಗಳ ನಡುವೆ, ‘ಮರಳು’, ‘ನಿಲ್ಲು’, ‘ಮುಂದಕ್ಕೆ ಹೋಗು’ ಮುಂತಾದ ಆಜ್ಞೆಗಳನ್ನು ಇಡುವುದು ಆ ವಿಷಯ. ಮುಂದೆ ಈ ಪಾಠವನ್ನು ತೆಗೆದುಕೊಳ್ಳುವ ಸಹಪಾಠಿಗಳಿಗೆ ಉಪಯೋಗವಾಗಲೆಂದು ಜೀವನವನ್ನೂ ಪಾಠವನ್ನೂ ಒಟ್ಟಿಗೆ ಬರೆದಿದ್ದೇನೆ.

ಚಮ್ಮಾರನ ಮಗ

ಬೂಲರು ಹುಟ್ಟಿದ್ದು 1815ರ ನವೆಂಬರ್ 2ರಂದು, ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ. ತಂದೆ ಜಾನ್ ಬೂಲ್ ಚಪ್ಪಲಿ, ಬೂಟು ಹೊಲಿಯುವ ಕಸುಬಿನವರು. ಆದರೆ ಅವರ ಮನಸ್ಸೆಲ್ಲ ಗಣಿತ ಮತ್ತು ದೂರದರ್ಶಕಗಳ ಮೇಲೆ. ಮಸೂರಗಳನ್ನು ಜೋಡಿಸಿ ಉಪಕರಣ ಮಾಡುವುದರಲ್ಲಿ ಹೊತ್ತು ಕಳೆಯುತ್ತಿದ್ದರು. ಅಂಗಡಿ ಸೊರಗಿತು, ಮಗನಿಗೆ ಕಲಿಯುವ ಹಸಿವು ಬಂತು.

ದೊಡ್ಡ ಶಾಲೆಗೆ ಕಳಿಸುವ ಶಕ್ತಿ ಮನೆಗಿರಲಿಲ್ಲ. ಪರಿಚಯದ ಪುಸ್ತಕ ವ್ಯಾಪಾರಿಯೊಬ್ಬರು ಹುಡುಗನಿಗೆ ಲ್ಯಾಟಿನ್ ಹೇಳಿಕೊಟ್ಟರು. ಗ್ರೀಕನ್ನು ಅವನೇ ಕಲಿತ. ಹದಿನಾಲ್ಕನೆಯ ವಯಸ್ಸಿನಲ್ಲಿ ಒಂದು ಗ್ರೀಕ್ ಕವಿತೆಯನ್ನು ಇಂಗ್ಲಿಷಿಗೆ ತಂದದ್ದು ಊರಿನ ಪತ್ರಿಕೆಯಲ್ಲಿ ಅಚ್ಚಾದಾಗ, ಈ ವಯಸ್ಸಿನ ಹುಡುಗ ಇದನ್ನು ಮಾಡಿರಲಾರ ಎಂದು ಒಬ್ಬ ಉಪಾಧ್ಯಾಯರು ಪತ್ರಿಕೆಗೇ ಬರೆದರು. ಈ ಸಂಗತಿಯನ್ನು ಹೇಳಿದಾಗ ತರಗತಿ ತಟ್ಟನೆ ನಿಶ್ಶಬ್ದವಾಯಿತು. ತಾನು ಮಾಡಿದ ಲೆಕ್ಕವನ್ನು ಬೇರೆ ಯಾರೋ ಮಾಡಿಕೊಟ್ಟಿದ್ದಾರೆ ಎಂದು ಅನುಮಾನಕ್ಕೆ ಗುರಿಯಾಗುವುದು ಏನೆಂದು ಮಕ್ಕಳಿಗೆ ವಿವರಿಸಬೇಕಾಗಿಲ್ಲ.

ತಂದೆಯ ಅಂಗಡಿ ಮುಚ್ಚುವ ಸ್ಥಿತಿಗೆ ಬಂದಾಗ, 1831ರಲ್ಲಿ, ಬೂಲರು ಡಾಂಕಾಸ್ಟರ್ ಎಂಬಲ್ಲಿ ಸಹಾಯಕ ಉಪಾಧ್ಯಾಯರಾದರು. ಆಗಿನಿಂದ ತಂದೆತಾಯಿ, ತಮ್ಮಂದಿರು, ತಂಗಿ ಎಲ್ಲರ ಹೊಣೆ ಅವರದೇ. ಕೈಯಲ್ಲಿ ಹೆಚ್ಚು ಹಣವಿಲ್ಲದವರಿಗೆ ಗಣಿತದ ಪುಸ್ತಕ ಲಾಭದಾಯಕ. ಕಥೆಯ ಪುಸ್ತಕ ಬೇಗ ಮುಗಿಯುತ್ತದೆ, ಗಣಿತದ್ದು ತಿಂಗಳುಗಟ್ಟಲೆ ಬರುತ್ತದೆ. ಹಾಗೆ ಅವರು ಫ್ರೆಂಚ್ ಗಣಿತಜ್ಞರ ಗ್ರಂಥಗಳನ್ನು ಯಾರ ನೆರವೂ ಇಲ್ಲದೆ ಓದಿದರು. 1834ರಲ್ಲಿ, ಇನ್ನೂ ಹತ್ತೊಂಬತ್ತು ವರ್ಷವಿರುವಾಗಲೇ, ಲಿಂಕನ್‌ನಲ್ಲಿ ಸ್ವಂತ ಶಾಲೆ ತೆರೆದರು. ಮುಂದಿನ ಹದಿನೈದು ವರ್ಷ ಅವರ ಜೀವನ ಅದೇ: ಹಗಲು ಮಕ್ಕಳ ಪಾಠ, ರಾತ್ರಿ ತಮ್ಮ ಗಣಿತ. ದುಡಿಯುವ ಜನರಿಗಾಗಿ ಇದ್ದ ಊರಿನ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟಿನಲ್ಲಿಯೂ ಅವರು ಪಾಠ ಹೇಳುತ್ತಿದ್ದರು. ಅಂಗಡಿಗಳ ಕೆಲಸದ ಹೊತ್ತು ಕಡಿಮೆಯಾಗಿ ಕೆಲಸಗಾರರಿಗೆ ಓದಲು ಬಿಡುವು ಸಿಗಬೇಕೆಂಬ ಚಳವಳಿಯಲ್ಲಿಯೂ ಇದ್ದರು.

1844ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರ ಪ್ರಬಂಧವೊಂದಕ್ಕೆ ಚಿನ್ನದ ಪದಕ ಕೊಟ್ಟಿತು. ಯಾವ ವಿಶ್ವವಿದ್ಯಾಲಯದ ಪದವಿಯೂ ಇಲ್ಲದ ಶಾಲಾ ಮೇಷ್ಟ್ರಿಗೆ ಬಂದ ಪದಕ ಅದು.

ಮಾತನ್ನು ಲೆಕ್ಕ ಮಾಡಿದ ಬಗೆ

ಬೂಲರ ಗೆಳೆಯರಲ್ಲಿ ಅಗಸ್ಟಸ್ ಡಿ ಮಾರ್ಗನ್ ಮುಖ್ಯರು. ಅವರು ಹುಟ್ಟಿದ್ದು 1806ರಲ್ಲಿ, ನಮ್ಮ ನೆರೆಯ ಮಧುರೈಯಲ್ಲಿ. ತರ್ಕಶಾಸ್ತ್ರದ ಒಂದು ವಿಷಯದಲ್ಲಿ ಡಿ ಮಾರ್ಗನ್ನರಿಗೂ ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ವಿಲಿಯಂ ಹ್ಯಾಮಿಲ್ಟನ್ನರಿಗೂ ಜಗಳ ಹತ್ತಿದಾಗ, ಬೂಲರಿಗೆ ತಮ್ಮ ಹಳೆಯ ಯೋಚನೆಯೊಂದು ಮತ್ತೆ ಎದ್ದಿತು. ಸಂಖ್ಯೆಗಳಿಗೆ ಬೀಜಗಣಿತ ಇರುವಂತೆ ಮಾತಿನ ಸತ್ಯ ಸುಳ್ಳುಗಳಿಗೂ ಏಕೆ ಇರಬಾರದು? 1847ರಲ್ಲಿ ಸುಮಾರು 80 ಪುಟಗಳ ಸಣ್ಣ ಪುಸ್ತಕ ಬಂತು. 1854ರಲ್ಲಿ ಅದೇ ವಿಚಾರವನ್ನು ವಿಸ್ತರಿಸಿ, ಚಿಂತನೆಯ ನಿಯಮಗಳನ್ನು ಕುರಿತ ದೊಡ್ಡ ಗ್ರಂಥ ಬಂತು.

ಅವರ ವಿಧಾನವನ್ನು ನಾನು ಕಪ್ಪುಹಲಗೆಯ ಮೇಲೆ ಹೀಗೆ ಬರೆದೆ. ‘ಕ’ ಎಂದರೆ ಬಿಳಿಯ ವಸ್ತುಗಳು, ‘ಖ’ ಎಂದರೆ ಕುರಿಗಳು. ಇದು ಬೂಲರೇ ಕೊಟ್ಟ ಉದಾಹರಣೆ. ಹೆಸರಘಟ್ಟದ ಹುಲ್ಲುಗಾವಲನ್ನು ನೋಡಿದ ಮಕ್ಕಳಿಗೆ ಬೇರೆ ಚಿತ್ರ ಬೇಕಾಗಲಿಲ್ಲ. ‘ಕಖ’ ಎಂದರೆ ಬಿಳಿಯ ಕುರಿಗಳು. ‘ಖಕ’ ಎಂದರೆ? ಕುರಿಗಳಲ್ಲಿ ಬಿಳಿಯವು. ಮಂದೆ ಅದೇ. ಆದ್ದರಿಂದ ಕಖ = ಖಕ. ಇನ್ನು ‘ಕಕ’ ಎಂದರೆ? ಬಿಳಿಯ ವಸ್ತುಗಳಲ್ಲಿ ಬಿಳಿಯವು, ಅಂದರೆ ಬಿಳಿಯವೇ. ಆದ್ದರಿಂದ ಕ × ಕ = ಕ. ತನ್ನಿಂದ ತಾನೇ ಗುಣಿಸಿದರೂ ಬದಲಾಗದ ಸಂಖ್ಯೆ ಯಾವುದು ಎಂದು ಕೇಳಿದೆ. ಮೊದಲು 1 ಬಂತು, ಸ್ವಲ್ಪ ತಡೆದು 0 ಬಂತು. ಬೇರೆ ಯಾವುದೂ ಇಲ್ಲ. ಗಣಕದ ಒಳಗೆ ಓಡಾಡುವ 0 ಮತ್ತು 1 ತರ್ಕಕ್ಕೆ ಬಂದದ್ದು ಈ ಬಾಗಿಲಿನಿಂದ.

‘ಅಥವಾ’ವನ್ನು ಬೂಲರು ಕೂಡುವ ಚಿಹ್ನೆಯಿಂದ ಬರೆದರು. ಅವರ ಪದ್ಧತಿಯಲ್ಲಿ ಕೂಡಬೇಕಾದ ಎರಡು ಗುಂಪುಗಳು ಬೇರೆ ಬೇರೆಯೇ ಆಗಿರಬೇಕಿತ್ತು. ಎರಡೂ ಒಟ್ಟಿಗೆ ನಿಜವಾಗಬಹುದಾದ ‘ಅಥವಾ’ವನ್ನು ರೂಢಿಗೆ ತಂದವರಲ್ಲಿ ಅವರ ನಂತರದ ಜೆವನ್ಸ್ ಮುಖ್ಯರು. ಮಕ್ಕಳು ಈ ವ್ಯತ್ಯಾಸವನ್ನು ಕೂಡಲೇ ಹಿಡಿದರು. ಕಾಫಿ ಅಥವಾ ಟೀ ಎಂದರೆ ಒಂದೇ. ಆಧಾರ್ ಅಥವಾ ಪಡಿತರ ಚೀಟಿ ತನ್ನಿ ಎಂದರೆ ಎರಡೂ ತಂದವರನ್ನು ಯಾರೂ ಹಿಂದಕ್ಕೆ ಕಳಿಸುವುದಿಲ್ಲ.

ಕೆರೆ, ತೂಬು, ಕೋಡಿ

ಬೂಲರ ಬೀಜಗಣಿತದಲ್ಲಿ ಕಖ ಮತ್ತು ಖಕ ಒಂದೇ. ಗಣಕ ಯಂತ್ರಕ್ಕೆ ಬಂದಾಗ ಒಂದು ಹೊಸ ಸಂಗತಿ ಸೇರಿಕೊಂಡಿತು: ಯಂತ್ರ ಒಂದಾದ ಮೇಲೊಂದನ್ನು ನೋಡುತ್ತದೆ. 1937ರಲ್ಲಿ ಅಮೆರಿಕದ ಕ್ಲಾಡ್ ಶ್ಯಾನನ್ ತಮ್ಮ ಸ್ನಾತಕೋತ್ತರ ಪ್ರಬಂಧದಲ್ಲಿ ವಿದ್ಯುತ್ ಸ್ವಿಚ್ಚುಗಳ ಜೋಡಣೆಗೆ ಬೂಲರ ನಿಯಮಗಳು ಹೊಂದುತ್ತವೆ ಎಂದು ತೋರಿಸಿದರು. ಸ್ವಿಚ್ಚುಗಳು ಒಂದರ ಹಿಂದೆ ಒಂದಿದ್ದರೆ ‘ಮತ್ತು’, ಪಕ್ಕಪಕ್ಕದಲ್ಲಿದ್ದರೆ ‘ಅಥವಾ’.

ಇದಕ್ಕೆ ನಾನು ಊರಿನ ಕೆರೆಯನ್ನೇ ಬಳಸಿದೆ. ಅರ್ಕಾವತಿಗೆ ಕಟ್ಟಿದ ಹೆಸರಘಟ್ಟದ ಕೆರೆ 1894ರಲ್ಲಿ ಬೆಂಗಳೂರಿಗೆ ಕುಡಿಯುವ ನೀರು ಕೊಡಲೆಂದು ಸಿದ್ಧವಾದದ್ದು. ನೀರು ಇಟ್ಟಿಗೆಯ ಕಾಲುವೆಯಲ್ಲಿ ಸೋಲದೇವನಹಳ್ಳಿಗೆ ತಾನಾಗಿ ಹರಿದು, ಅಲ್ಲಿಂದ ಪಂಪುಗಳ ಮೂಲಕ ನಗರಕ್ಕೆ ಹೋಗುತ್ತಿತ್ತು. ಕೆರೆಯ ತೂಬು ತೆರೆದಿರಬೇಕು ‘ಮತ್ತು’ ಪಂಪು ನಡೆಯಬೇಕು. ಆಗ ಮಾತ್ರ ನಗರಕ್ಕೆ ನೀರು. ತೂಬು ಮುಚ್ಚಿದೆ ಎಂದು ಗೊತ್ತಾದ ಮೇಲೆ ಪಂಪು ನಡೆಯುತ್ತಿದೆಯೇ ಎಂದು ನೋಡಲು ಸೋಲದೇವನಹಳ್ಳಿಗೆ ಹೋಗಬೇಕೇ? ಬೇಡ. ಉತ್ತರ ಆಗಲೇ ಸಿಕ್ಕಿದೆ.

ಪ್ರೋಗ್ರಾಮಿಂಗ್ ಭಾಷೆಗಳೂ ಹೀಗೇ ಮಾಡುತ್ತವೆ. ‘ಮತ್ತು’ವಿನ ಎಡಭಾಗ ಸುಳ್ಳಾದರೆ ಬಲಭಾಗವನ್ನು ನೋಡುವುದೇ ಇಲ್ಲ. ‘ಅಥವಾ’ದ ಎಡಭಾಗ ನಿಜವಾದರೆ ಬಲಭಾಗವನ್ನು ನೋಡುವುದಿಲ್ಲ. ಲಿಸ್ಪ್ ಭಾಷೆಯ ಜಾನ್ ಮೆಕಾರ್ಥಿ 1960ರ ಪ್ರಬಂಧದಲ್ಲಿ ‘ಮತ್ತು’, ‘ಅಥವಾ’ಗಳನ್ನು ಈ ಅರ್ಥದಲ್ಲೇ ವಿವರಿಸಿದರು. ಮುಂದೆ ಸಿ ಭಾಷೆಯಲ್ಲಿ && ಮತ್ತು || ಚಿಹ್ನೆಗಳಿಗೆ ಎಡದಿಂದ ಬಲಕ್ಕೆ ನೋಡುವ ಈ ನಿಯಮ ಖಾತ್ರಿಯಾಯಿತು.

ಬಲಭಾಗವನ್ನು ಕೆಲವೊಮ್ಮೆ ಮಾತ್ರ ನೋಡುವುದಾದರೆ, ಅಲ್ಲಿ ಪ್ರಶ್ನೆಯ ಬದಲು ಒಂದು ಕೆಲಸವನ್ನೇ ಇಡಬಹುದಲ್ಲ! ಕೆರೆಯ ಕೋಡಿ ಇರುವುದೇ ಹಾಗೆ. ನೀರು ಏರಿಯೊಳಗೆ ನಿಲ್ಲಬೇಕು, ಇಲ್ಲವೇ ಕೋಡಿಯಿಂದ ಹೊರಹೋಗಬೇಕು. ನೀರು ನಿಂತಿರುವವರೆಗೆ ಕೋಡಿಗೆ ಕೆಲಸವಿಲ್ಲ. 1942ರ ಚಳವಳಿಯ ಕರೆಯ ತಿರುಳೂ ಇದೇ ಆಕಾರದ್ದು: ಮಾಡುವುದು, ಆಗದಿದ್ದರೆ ಮಡಿಯುವುದು. ಪರ್ಲ್ ಭಾಷೆಯಲ್ಲಿ ಕಡತ ತೆರೆಯುವವರು ಬರೆಯುವ ರೂಢಿಯ ಸಾಲು ಅಕ್ಷರಶಃ ಅದೇ. ಓಪನ್ ಎಂದು ಬರೆದು, ಆಮೇಲೆ ಆರ್ ಡೈ ಎಂದು ಬರೆಯುತ್ತಾರೆ. ಕಡತ ತೆರೆದರೆ ಮುಂದಿನ ಸಾಲು. ತೆರೆಯದಿದ್ದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ.

ತರಗತಿಯ ಚಟುವಟಿಕೆ

ಎರಡನೇ ಅವಧಿಯಲ್ಲಿ ಇಬ್ಬರು ವಿದ್ಯಾರ್ಥಿಗಳನ್ನು ಮುಂದೆ ನಿಲ್ಲಿಸಿದೆ. ಎಡಗಡೆಯವಳು ‘ಪ್ರಶ್ನೆ’. ಅವಳು ನಿಜ ಅಥವಾ ಸುಳ್ಳು ಎಂದು ಹೇಳಬೇಕು. ಬಲಗಡೆಯವನು ‘ಮರಳು’. ಅವನ ಸರದಿ ಬಂದರೆ ಮಾತಾಡದೆ ಬಾಗಿಲು ದಾಟಿ ಜಗಲಿಗೆ ಹೋಗಬೇಕು. ಅಲ್ಲಿಗೆ ಆಟ ಮುಗಿಯಿತು. ನಡುವೆ ನಾನು ‘ಮತ್ತು’ ಅಥವಾ ‘ಅಥವಾ’ ಎಂಬ ಹಲಗೆ ಹಿಡಿದೆ.

ಮೊದಲ ವಾಕ್ಯ: ಸಂಖ್ಯೆ ಸೊನ್ನೆಯಾಗಿದೆ ಮತ್ತು ಮರಳು. ಸಂಖ್ಯೆ 5 ಎಂದಾಗ ‘ಪ್ರಶ್ನೆ’ ಸುಳ್ಳು ಎಂದಳು, ಹುಡುಗ ನಿಂತಲ್ಲೇ ನಿಂತ. ಸಂಖ್ಯೆ 0 ಎಂದಾಗ ಅವಳು ನಿಜ ಎಂದಳು, ಅವನು ಜಗಲಿಗೆ ಹೋದ. ಎರಡನೆಯ ವಾಕ್ಯ: ಸಂಖ್ಯೆ ಸೊನ್ನೆಗಿಂತ ಕಡಿಮೆಯಲ್ಲ ಅಥವಾ ಮರಳು. 5ಕ್ಕೆ ಅವನು ನಿಂತ. ಋಣ 3ಕ್ಕೆ ಹೋದ. ಇಷ್ಟಾದ ಮೇಲೆ ತರಗತಿಯೇ ನಿಯಮವನ್ನು ಹೇಳಿತು: ‘ಮತ್ತು ಮರಳು’ ಎಂದರೆ ಹಾಗಿದ್ದರೆ ಹೋಗು, ‘ಅಥವಾ ಮರಳು’ ಎಂದರೆ ಹಾಗಿಲ್ಲದಿದ್ದರೆ ಹೋಗು.

ಮೂರನೆಯ ಸಲ ಇಬ್ಬರ ಜಾಗವನ್ನೂ ಅದಲುಬದಲು ಮಾಡಿದೆ. ಮರಳು ಮತ್ತು ಸಂಖ್ಯೆ ಸೊನ್ನೆಯಾಗಿದೆ. ಆಟ ಶುರುವಾಗುತ್ತಿದ್ದಂತೆ ಹುಡುಗ ಹೊರಗೆ ಹೋಗಿಬಿಟ್ಟ. ‘ಪ್ರಶ್ನೆ’ಯನ್ನು ಯಾರೂ ಕೇಳಲೇ ಇಲ್ಲ. ಎಲ್ಲರೂ ನಕ್ಕರು. ನಗು ನಿಂತ ಮೇಲೆ ಹಿಂದಿನ ದಿನದ ಕಖ = ಖಕ ಎಂಬ ಸಾಲನ್ನು ಹಲಗೆಯ ಮೇಲೆ ಮತ್ತೆ ಬರೆದು, ಇದು ಇಲ್ಲಿ ಏಕೆ ನಡೆಯಲಿಲ್ಲ ಎಂದು ಕೇಳಿದೆ. ಕುರಿಗಳಿಗೆ ಹಿಂದುಮುಂದಿಲ್ಲ, ಕೆಲಸಕ್ಕೆ ಹಿಂದುಮುಂದಿದೆ ಎಂಬ ಅರ್ಥದ ಉತ್ತರ ಹಿಂದಿನ ಬೆಂಚಿನಿಂದ ಬಂತು. ಪಾಠ ಯೋಜನೆಯ ಮುಖ್ಯ ಉದ್ದೇಶ ಅಲ್ಲಿಗೆ ಈಡೇರಿತು.

ಆಗ ‘ಪ್ರಶ್ನೆ’ಯಾಗಿದ್ದ ಹುಡುಗಿ ಒಂದು ಪ್ರಶ್ನೆ ಕೇಳಿದಳು. ನಾನು ನಿಜ ಅಥವಾ ಸುಳ್ಳು ಹೇಳಿದೆ, ಅವನು ಏನೂ ಹೇಳದೆ ಹೋದ. ಹಾಗಾದರೆ ಅವನ ಬೆಲೆ 0ಯೋ 1ಓ? ಇದು ಭಾಷೆಗಳನ್ನು ರಚಿಸುವವರೇ ಎದುರಿಸಿದ ಪ್ರಶ್ನೆ. ಪೈಥಾನ್ ಭಾಷೆ ಕೊಡುವ ಉತ್ತರ: ರಿಟರ್ನ್ ಎಂಬುದು ಬೆಲೆಯಿಲ್ಲದ ವಾಕ್ಯ, ಬೆಲೆಗಳು ಮಾತ್ರ ಕೂರುವ ಆರ್, ಆಂಡ್‌ಗಳ ಪಕ್ಕ ಅದಕ್ಕೆ ಜಾಗವಿಲ್ಲ, ಇಫ್ ಎಂದೇ ಬರೆಯಬೇಕು. ರಸ್ಟ್, ಕಾಟ್ಲಿನ್ ಭಾಷೆಗಳು ಕೊಡುವ ಉತ್ತರ ಬೇರೆ: ರಿಟರ್ನ್ ಕೂಡ ಪದೋಕ್ತಿಯೇ, ಆದರೆ ಎಂದೂ ಕೈಗೆ ಬಾರದ ಬೆಲೆಯ ವಿಶೇಷ ಬಗೆಯದು. ಜೂಲಿಯಾ ಭಾಷೆಯಲ್ಲಿ ಸಣ್ಣ ತಪಾಸಣೆಗಳನ್ನು ಹೀಗೆ ಒಂದೇ ಸಾಲಿನಲ್ಲಿ ಬರೆಯುವುದು ರೂಢಿ. ಉದಾಹರಣೆಗೆ ಕ್ರಮಗುಣಿತದ ಪ್ರೋಗ್ರಾಮಿನಲ್ಲಿ ಸಂಖ್ಯೆ ಋಣವಲ್ಲ || ದೋಷ ತಿಳಿಸು, ಸಂಖ್ಯೆ ಸೊನ್ನೆ && 1ರೊಡನೆ ಮರಳು ಎಂದು ಎರಡು ಸಾಲು ಬರೆದರೆ, ಮೂರನೆಯ ಸಾಲಿನಲ್ಲಿ ಲೆಕ್ಕ ಮಾತ್ರ ಉಳಿಯುತ್ತದೆ.

ಒಂದು ಸಾಲಿನ ಬೆಲೆ

ಇದು ಬರೀ ಬರವಣಿಗೆಯ ಚಂದದ ಮಾತಲ್ಲ ಎಂದು ತೋರಿಸಲು ಮಕ್ಕಳ ಮುಂದೆ ಒಂದು ಸಂದರ್ಭ ಇಟ್ಟೆ. ಶಾಲೆಯ ಲಿನಕ್ಸ್ ಗಣಕದಲ್ಲಿ ಎರಡು ಆಜ್ಞೆಗಳಿವೆ. ‘ಹಳೆಯದು’ ಎಂಬ ಕೋಶಕ್ಕೆ ಹೋಗು. ಅಲ್ಲಿರುವುದನ್ನೆಲ್ಲ ಅಳಿಸು. ‘ಹಳೆಯದು’ ಎಂಬ ಕೋಶವೇ ಇಲ್ಲದಿದ್ದರೆ? ಮೊದಲ ಆಜ್ಞೆ ವಿಫಲವಾಗುತ್ತದೆ, ಯಂತ್ರ ಇದ್ದಲ್ಲೇ ಇರುತ್ತದೆ, ಎರಡನೆಯ ಆಜ್ಞೆ ಇದ್ದಲ್ಲಿರುವುದನ್ನೆಲ್ಲ ಅಳಿಸುತ್ತದೆ. ಅದು ವರ್ಷವಿಡೀ ಮಕ್ಕಳು ಮಾಡಿದ ಕೆಲಸವೂ ಆಗಿರಬಹುದು. ಮೊದಲ ಆಜ್ಞೆಯ ಪಕ್ಕ || ಎಕ್ಸಿಟ್ ಎಂದು ಸೇರಿಸಿದರೆ ಸಾಕು: ಹೋಗು, ಆಗದಿದ್ದರೆ ನಿಲ್ಲು. ಕೋಡಿಯಿಲ್ಲದ ಕೆರೆಯ ಏರಿ ಒಡೆಯುವುದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ.

ಎಚ್ಚರಿಕೆಯೂ ಬೇಕು. ಪರ್ಲ್‌ನಲ್ಲಿ || ಚಿಹ್ನೆ ತನ್ನ ಪಕ್ಕದ ಪದವನ್ನು ಬಿಗಿಯಾಗಿ ಹಿಡಿಯುತ್ತದೆ. ಆವರಣವಿಲ್ಲದೆ ಓಪನ್ ಬರೆದು, ಕೊನೆಯ ಕಡತದ ಹೆಸರಿನ ಪಕ್ಕ || ಡೈ ಎಂದರೆ, ಯಂತ್ರ ಅದನ್ನು ‘ಕಡತದ ಹೆಸರು ಅಥವಾ ಸಾವು’ ಎಂದು ಓದುತ್ತದೆ. ಹೆಸರು ಇದ್ದೇ ಇರುವುದರಿಂದ ಆ ಭಾಗ ಯಾವಾಗಲೂ ನಿಜ. ಕಡತ ತೆರೆಯದಿದ್ದರೂ ಪ್ರೋಗ್ರಾಂ ನಿಲ್ಲುವುದಿಲ್ಲ. 1994ರಲ್ಲಿ ಬಂದ ಪರ್ಲ್ 5ರಲ್ಲಿ ಸಡಿಲ ಹಿಡಿತದ ಆರ್, ಆಂಡ್ ಪದಗಳು ಸಿಕ್ಕ ಮೇಲೆ ಈ ತೊಡಕು ತಪ್ಪಿತು. ಹಾಲು ಅಥವಾ ಮೊಸರು ತಾ ಎಂಬುದಕ್ಕೂ, ಹಾಲು ತಾ, ಇಲ್ಲದಿದ್ದರೆ ಬರಿಗೈಯಲ್ಲಿ ಬಾ ಎಂಬುದಕ್ಕೂ ಇರುವ ವ್ಯತ್ಯಾಸದಿಂದ ಇದನ್ನು ಸುಲಭವಾಗಿ ತಿಳಿಸಬಹುದು.

ನನ್ನ ಅಭಿಪ್ರಾಯ ಇಷ್ಟು. ಎಡಭಾಗ ತಪ್ಪಿದರೆ ಕೆಲಸ ಬಿಟ್ಟು ಹೊರಡುವುದೊಂದೇ ದಾರಿ ಎನ್ನುವಲ್ಲಿ ಈ ರೂಪ ಚೆನ್ನ. ಎರಡು ಕಡೆಯೂ ಮುಂದುವರಿಯುವ ಕೆಲಸವಿದ್ದರೆ ಇಫ್, ಎಲ್ಸ್ ಎಂದು ಬಿಡಿಸಿ ಬರೆಯುವುದೇ ಓದುವವರಿಗೆ ಉಪಕಾರ.

ಕಾರ್ಕ್ ನಗರದ ವರ್ಷಗಳು

1849ರಲ್ಲಿ ಬೂಲರು ಐರ್ಲೆಂಡಿನ ಕಾರ್ಕ್ ನಗರದ ಹೊಸ ಕ್ವೀನ್ಸ್ ಕಾಲೇಜಿನ ಮೊದಲ ಗಣಿತ ಪ್ರಾಧ್ಯಾಪಕರಾದರು. ಆಲೂಗಡ್ಡೆಯ ಬೆಳೆ ಕೆಟ್ಟು ದೇಶವೇ ಬರದಲ್ಲಿ ಬೆಂದಿದ್ದ ಕಾಲ ಅದು. ಅಲ್ಲಿ ಅವರಿಗೆ ಮೇರಿ ಎವರೆಸ್ಟ್ ಎಂಬ ಯುವತಿಯ ಪರಿಚಯವಾಯಿತು. ಭಾರತದ ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟರು ಆಕೆಯ ದೊಡ್ಡಪ್ಪ. ಅವರು ಮುನ್ನಡೆಸಿದ ಮಹಾ ಭೂಮಾಪನದ ಆರಂಭದ ಅಳತೆ ನಡೆದದ್ದು 1800ರಲ್ಲಿ, ಲ್ಯಾಂಬ್ಟನ್ನರಿಂದ, ನಮ್ಮ ಬೆಂಗಳೂರಿನ ಬಳಿ. ಬೂಲರು ಮೇರಿಗೆ ಗಣಿತ ಹೇಳಿಕೊಟ್ಟರು, 1855ರಲ್ಲಿ ಮದುವೆಯಾದರು. ಐದು ಹೆಣ್ಣುಮಕ್ಕಳು ಹುಟ್ಟಿದರು. 1857ರಲ್ಲಿ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು.

1864ರ ನವೆಂಬರ್ ಕೊನೆಯಲ್ಲಿ ಒಂದು ದಿನ ಮನೆಯಿಂದ ಕಾಲೇಜಿಗೆ ಸುಮಾರು ಮೂರು ಮೈಲಿ ಜೋರು ಮಳೆಯಲ್ಲಿ ನಡೆದು ಬಂದು, ಒದ್ದೆ ಬಟ್ಟೆಯಲ್ಲೇ ಪಾಠ ಮಾಡಿದರು. ಜ್ವರ ಶ್ವಾಸಕೋಶಕ್ಕೆ ಇಳಿಯಿತು. ಡಿಸೆಂಬರ್ 8ರಂದು, 49ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಕೊನೆಯ ಮಗುವಿಗೆ ಆಗ ಆರು ತಿಂಗಳು ದಾಟಿತ್ತು ಅಷ್ಟೆ.

ಮಳೆ ಬಂದರೆ ಮರಳು ಎಂಬ ಸಾಲು ಅವರಲ್ಲಿ ಇರಲಿಲ್ಲವೇ ಎಂದು ಒಬ್ಬ ಹುಡುಗ ಕೇಳಿದ. ಕೆಲವರು ನಗಲು ಹೊರಟರು, ಆದರೆ ಅವನು ನಗುತ್ತಿರಲಿಲ್ಲ. ಕಾದು ಕುಳಿತ ವಿದ್ಯಾರ್ಥಿಗಳು ಒಂದು ಕಡೆ, ಮನೆಯಲ್ಲಿ ಐದು ಮಕ್ಕಳು ಇನ್ನೊಂದು ಕಡೆ ಇದ್ದಾಗ, ಎಡಭಾಗದಲ್ಲಿ ಯಾವುದನ್ನು ಮೊದಲು ಬರೆಯಬೇಕೆಂದು ಯಾವ ಬೀಜಗಣಿತವೂ ಹೇಳುವುದಿಲ್ಲ ಎಂದೆ. ಅದನ್ನು ಬರೆಯುವವರೇ ತೀರ್ಮಾನಿಸಬೇಕು.

ಬೂಲರ ದೊಡ್ಡ ಗ್ರಂಥದ ಒಂದು ಸಂಗತಿ ಇಲ್ಲಿ ಗಮನಾರ್ಹ. ಹೀಗಾದರೆ ಹಾಗೆ ಎಂಬಂಥ ವಾಕ್ಯಗಳಿಗೆ ಬಂದಾಗ ಅವರು ಅಕ್ಷರಗಳಿಗೆ ಕಾಲದ ಅರ್ಥ ಕೊಟ್ಟರು: ‘ಕ’ ಎಂದರೆ ಒಂದು ಮಾತು ನಿಜವಾಗಿರುವಷ್ಟು ಕಾಲ. ಕಾಲವನ್ನು ಅವರು ತರ್ಕದೊಳಕ್ಕೆ ಕರೆತಂದಿದ್ದರು. ಆದರೆ ಅವರ ಕಾಲ ನೆಲದಂತೆ ಹರಡಿಕೊಂಡಿತ್ತು, ಹರಿಯುತ್ತಿರಲಿಲ್ಲ. ಮೊದಲು ಇದು, ಆಮೇಲೆ ಅದು ಎಂಬ ಹರಿವು ಬಂದದ್ದು ಯಂತ್ರಗಳೊಡನೆ.

ಮನೆಯವರ ಮುಂದಿನ ಕಥೆಯನ್ನು ತಪ್ಪದೆ ಹೇಳಬೇಕು. ಮೇರಿ ಲಂಡನ್ನಿಗೆ ಹೋಗಿ ಹೆಣ್ಣುಮಕ್ಕಳ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡಿದರು. ಮಕ್ಕಳಿಗೆ ಗಣಿತವನ್ನು ಕೈಕೆಲಸದ ಮೂಲಕ ಕಲಿಸುವುದನ್ನು ಕುರಿತು ಪುಸ್ತಕಗಳನ್ನು ಬರೆದರು. ರಟ್ಟಿನ ಮೇಲೆ ನೂಲಿನ ನೇರ ಗೆರೆಗಳಿಂದ ವಕ್ರರೇಖೆ ಮೂಡಿಸುವ ಚಟುವಟಿಕೆಯನ್ನು ಬೆಳೆಸಿದವರು ಅವರೇ. ಮಗಳು ಅಲಿಸಿಯಾ ಕಾಲೇಜು ಓದದೆಯೇ ನಾಲ್ಕು ಆಯಾಮದ ಆಕೃತಿಗಳ ಮೇಲೆ ಸಂಶೋಧನೆ ಮಾಡಿದರು. ಲೂಸಿ ರಸಾಯನಶಾಸ್ತ್ರ ಕಲಿಸಿದರು. ಕೊನೆಯ ಮಗಳು ಎಥೆಲ್ ಕಾದಂಬರಿಕಾರ್ತಿಯಾದರು.

ಮುಂದೆ ಈ ಪಾಠ ಮಾಡುವವರಿಗೆ

ಜೀವನಕ್ಕೆ ಒಂದು ಅವಧಿ, ಚಟುವಟಿಕೆಗೆ ಒಂದು ಅವಧಿ ಬೇಕೇ ಬೇಕು. ಗಣಕ ಕೊಠಡಿ ಸಿಗದಿದ್ದರೂ ಪಾಠ ನಿಲ್ಲುವುದಿಲ್ಲ. ಬಾಗಿಲು, ಇಬ್ಬರು ಮಕ್ಕಳು, ಎರಡು ರಟ್ಟಿನ ಹಲಗೆ ಸಾಕು. ಜಾಗ ಅದಲುಬದಲು ಮಾಡುವ ಹಂತವನ್ನು ಸಮಯ ಸಾಲದೆಂದು ಬಿಡಬಾರದು, ಕಲಿಕೆ ನಡೆಯುವುದು ಅಲ್ಲೇ. ಮೌಲ್ಯಮಾಪನಕ್ಕೆ ನಾನು ಕೊಟ್ಟ ಪ್ರಶ್ನೆ ಇದು: ನಿಮ್ಮ ಮನೆಯಲ್ಲಿ ದಿನವೂ ಕೇಳುವ ಒಂದು ‘ಇಲ್ಲದಿದ್ದರೆ’ ವಾಕ್ಯವನ್ನು ಬರೆದು, ಅದರ ಎಡಭಾಗ ಯಾವುದು, ಬಲಭಾಗ ಯಾವುದು, ಬಲಭಾಗ ಯಾವಾಗ ನಡೆಯುತ್ತದೆ ಎಂದು ತಿಳಿಸಿ. ಬಂದ ಉತ್ತರಗಳಲ್ಲಿ ಒಂದು ಹೀಗಿತ್ತು: ಆರೂವರೆಗೆ ಬಸ್ಸು ಸಿಗಬೇಕು, ಇಲ್ಲದಿದ್ದರೆ ಅಮ್ಮ ಆ ದಿನದ ಕೂಲಿ ಬಿಟ್ಟು ಮನೆಗೆ ಮರಳುತ್ತಾಳೆ. ಎಡಭಾಗ, ಬಲಭಾಗ ಎರಡನ್ನೂ ಆ ಮಗು ಸರಿಯಾಗಿ ಗುರುತಿಸಿತ್ತು. ಪೂರ್ಣ ಅಂಕ ಕೊಟ್ಟೆ.